ಸ್ಪಿಟ್ಸ್ ಹಾಡುಗಳನ್ನು ಗಿಟಾರ್ ಹಿಡಿದು ಕಲಿತ ಬಗೆ

ಸ್ಪಿಟ್ಸ್ ಬ್ಯಾಂಡಿನ ಹಾಡು ಕಲಿಯಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: 'ರಾಬಿನ್ಸನ್'ನಿಂದ ಶುರು ಮಾಡಬೇಡಿ. ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ. ಮಾಡಲೇಬೇಕಲ್ವಾ, ಈ ಬ್ಯಾಂಡ್ ಜಪಾನಿನಲ್ಲಿ ಮನೆಮಾತಾದದ್ದೇ ಆ ಹಾಡಿನಿಂದ. 1995ರ ಏಪ್ರಿಲ್‌ನಲ್ಲಿ ಬಂತು, 16 ಲಕ್ಷಕ್ಕೂ ಜಾಸ್ತಿ ಸಿ.ಡಿ. ಖರ್ಚಾಯಿತು. ಆದರೆ ಕೂತು ಕೇಳುವ ಹಾಡು ಬೇರೆ, ನಾಲ್ಕು ಜನ ಸೇರಿ ಹಾಡುವ ಹಾಡು ಬೇರೆ. ಕಲಿಯುವವನಿಗೆ ಎರಡನೆಯದು ಮೊದಲು ಸಿಗಬೇಕು.

ನಾನಿರುವುದು ಕವಾಸಾಕಿಯಲ್ಲಿ, ಕೆಲಸ ತೋಕ್ಯೋದಲ್ಲಿ. ಆಫೀಸಿನ ಪಾರ್ಟಿ ಮುಗಿದ ಮೇಲೆ ಕರಾವೋಕೆಗೆ, ಅಂದರೆ ಪರದೆಯ ಮೇಲೆ ಸಾಹಿತ್ಯ ನೋಡಿಕೊಂಡು ಹಾಡುವ ಬಾಡಿಗೆ ಕೋಣೆಗೆ, ಹೋಗುವ ಅಭ್ಯಾಸ ನಮ್ಮ ತಂಡದಲ್ಲಿ ಇನ್ನೂ ಇದೆ. ಅಲ್ಲಿ ನಲವತ್ತು ದಾಟಿದವರ ಕೈಗೆ ಮೈಕ್ ಹೋದರೆ ಸ್ಪಿಟ್ಸ್ ಬಂದೇ ಬರುತ್ತದೆ. ಇಪ್ಪತ್ತೈದರ ಹುಡುಗರೂ ಜೊತೆಗೂಡುತ್ತಾರೆ. ಸುಮ್ನೆ ಚಪ್ಪಾಳೆ ತಟ್ಟುತ್ತ ಕೂರುವುದು ನನಗೆ ಬೇಜಾರಾಯಿತು. ಕಾಲೇಜಿನಲ್ಲಿ ಒಂದಿಷ್ಟು ಗಿಟಾರ್ ಬಾರಿಸುತ್ತಿದ್ದೆ, ಅದನ್ನೇ ಮತ್ತೆ ಕೈಗೆ ತೆಗೆದುಕೊಂಡೆ.

ಬ್ಯಾಂಡಿನ ಬಗ್ಗೆ ಎರಡು ಮಾತು. 1987ರಲ್ಲಿ ತೋಕ್ಯೋದ ಕಾಲೇಜು ಹುಡುಗರಾಗಿದ್ದಾಗ ಕಟ್ಟಿದ್ದು. ಕುಸಾನೊ ಮಸಾಮುನೆ ಹಾಡುತ್ತಾರೆ, ಗಿಟಾರ್ ಮಿವಾ ತೆತ್ಸುಯಾ, ಬೇಸ್ ತಮುರಾ ಅಕಿಹಿರೊ, ಡ್ರಮ್ಸ್ ಸಾಕಿಯಾಮಾ ತತ್ಸುವೊ. ನಾಲ್ವರೂ 1967ರಲ್ಲಿ ಹುಟ್ಟಿದವರು. ಇವತ್ತಿಗೂ ಅದೇ ನಾಲ್ವರು. ಯಾರೂ ಬಿಟ್ಟು ಹೋಗಿಲ್ಲ, ಯಾರನ್ನೂ ಹೊಸದಾಗಿ ಸೇರಿಸಿಕೊಂಡಿಲ್ಲ. ರಾಕ್ ಬ್ಯಾಂಡುಗಳ ಜಗಳಗಳನ್ನು ಬಲ್ಲವರಿಗೆ ಇದು ಎಂಥ ಅಪರೂಪ ಅಂತ ಗೊತ್ತು. 1991ರಲ್ಲಿ ಮೊದಲ ಆಲ್ಬಮ್ ಬಂದರೂ ಕೆಲವು ವರ್ಷ ಹೇಳಿಕೊಳ್ಳುವಂಥ ಮಾರಾಟ ಇರಲಿಲ್ಲ. ಹಾಡುಗಳ ಮಾತು, ರಾಗ ಎರಡೂ ಬಹುತೇಕ ಕುಸಾನೊ ಅವರದೇ.

ಹಾಗಾದರೆ ಶುರು ಎಲ್ಲಿಂದ? 'ಚೆರಿ'ಯಿಂದ. 1996ರ ಏಪ್ರಿಲ್‌ನಲ್ಲಿ ಬಂದ ಹಾಡು, ಮಾರಾಟದಲ್ಲಿ 'ರಾಬಿನ್ಸನ್'ಗೆ ಸರಿಸಮ. ಜಪಾನಿನಲ್ಲಿ ಹೊಸದಾಗಿ ಗಿಟಾರ್ ಹಿಡಿದವರು ಕಲಿಯುವ ಹಾಡುಗಳಲ್ಲಿ ಇದು ಇದ್ದೇ ಇರುತ್ತದೆ. ಕಾರಣ ಸರಳ. ಚರಣದ ಕಾರ್ಡುಗಳು (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪುಗಳು) ಸಿ, ಜಿ, ಎ ಮೈನರ್, ಇ ಮೈನರ್, ಎಫ್, ಸಿ, ಎಫ್, ಜಿ, ಅಷ್ಟೇ. ಕೋರಸ್‌ಗೆ ಬಂದರೆ ಎ ಮೈನರ್, ಇ ಮೈನರ್, ಎಫ್, ಸಿ ಸುತ್ತಿ ಸುತ್ತಿ ಬರುತ್ತವೆ. ಹೊಸ ಕಾರ್ಡೇ ಇಲ್ಲ, ಕ್ರಮ ಮಾತ್ರ ಬೇರೆ. ಆದರೂ ಕೋರಸ್ ಬಂದಾಗ ಬಾಗಿಲು ತೆರೆದ ಹಾಗೆ ಅನ್ನಿಸುತ್ತದೆ. ಅದು ಎ ಮೈನರ್‌ನಿಂದ ಶುರುವಾಗುವುದರ ಮಹಿಮೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಒಳ್ಳೆಯ ಹಾಡು ಕಟ್ಟಿದವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಇದೆ.

ಕೈ ಕಟ್ಟಿಹಾಕುವುದು ಎಫ್. ತೋರುಬೆರಳನ್ನು ಮೊದಲ ಫ್ರೆಟ್ (ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳ ಮನೆ) ಮೇಲೆ ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಹೊಸಬರ ಕೈಯಲ್ಲಿ ಅರ್ಧ ತಂತಿ ಮಾತಾಡುವುದಿಲ್ಲ. ನಾನು ಎಫ್ ಬದಲು ಎಫ್ ಮೇಜರ್ ಸೆವೆನ್ ಹಿಡಿದೆ. ಕೆಳಗಿನ ಸಣ್ಣ ತಂತಿಯನ್ನು ಹಾಗೇ ಬಿಡಿ. ಅದರ ಮೇಲಿನದನ್ನು ಮೊದಲ ಫ್ರೆಟ್‌ನಲ್ಲಿ, ಅದರ ಮೇಲಿನದನ್ನು ಎರಡರಲ್ಲಿ, ನಾಲ್ಕನೆಯದನ್ನು ಮೂರರಲ್ಲಿ ಒತ್ತಿ. ದಪ್ಪ ತಂತಿ ಎರಡನ್ನೂ ಮುಟ್ಟಬೇಡಿ. ದನಿ ಇನ್ನೂ ಮೆತ್ತಗಾಗುತ್ತದೆ, 'ಚೆರಿ'ಗೆ ಅದು ಒಪ್ಪುತ್ತದೆ ಕೂಡ. ಇನ್ನು ಬಲಗೈ ಯಾವ ಕಾರಣಕ್ಕೂ ನಿಲ್ಲಬಾರದು. ತಂತಿ ತಾಗದ ಕಡೆಯೂ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ಎಡಗೈ ಕಾರ್ಡ್ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬಲಗೈ ನಿಂತರೆ ಎಲ್ಲರ ಹಾಡೂ ನಿಲ್ಲುತ್ತದೆ.

ಅಭ್ಯಾಸಕ್ಕೆ ಜಾಗ ಹುಡುಕುವುದೇ ಇಲ್ಲಿ ಒಂದು ಕೆಲಸ. ಇಲ್ಲಿನ ಎಷ್ಟೋ ಬಾಡಿಗೆ ಮನೆಗಳ ಕರಾರಿನಲ್ಲಿ ವಾದ್ಯ ನುಡಿಸುವಂತಿಲ್ಲ ಅಂತ ಬರೆದಿರುತ್ತದೆ. ನಮ್ಮದರಲ್ಲೂ ಇದೆ. ಹಾಗಾಗಿ ರಜೆಯ ದಿನ ತಾಮಾ ನದಿಯ ದಂಡೆಗೆ ಹೋಗುತ್ತೇನೆ. ಅಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್ ಊದುವವರೂ ಸಿಗುತ್ತಾರೆ, ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ. ಮಳೆ ಬಂದರೆ ಹಗಲು ಹೊತ್ತು ಕರಾವೋಕೆ ಕೋಣೆ. ಹಗಲು ಬಾಡಿಗೆ ಅಗ್ಗ. ವಾದ್ಯ ತರಲು ಬಿಡುವ ಅಂಗಡಿ ನೋಡಿಕೊಂಡರೆ ಆಯಿತು.

ಇನ್ನು ಮಾತು. ಜಪಾನಿ ಹಾಡಿನ ಸಾಲು ನನ್ನ ಬಾಯಲ್ಲಿ ಮೊದಮೊದಲು ಒಂದೋ ಬೇಗ ಮುಗಿಯುತ್ತಿತ್ತು, ಇಲ್ಲ ಕೊನೆಯಲ್ಲಿ ಒಂದಕ್ಷರ ಉಳಿಯುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಸಾಹಿತ್ಯ ನೋಡಿ ಹಾಡುತ್ತಿದ್ದುದೇ ಇದಕ್ಕೆ ಕಾರಣ. ಅದರಲ್ಲಿ ಹ್ರಸ್ವ ದೀರ್ಘ ಸರಿಯಾಗಿ ಕಾಣುವುದಿಲ್ಲ. ಒಂದು ದಿನ ಪೂರ್ತಿ ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಜಪಾನಿಯಲ್ಲಿ ದೀರ್ಘಕ್ಕೆ ಎರಡು ಎಣಿಕೆ, ಒತ್ತಕ್ಷರದ ಮೊದಲ ಅರ್ಧಕ್ಕೆ ಒಂದು ಎಣಿಕೆ, ಕೊನೆಯ 'ನ್'ಗೂ ತನ್ನದೇ ಒಂದು ಎಣಿಕೆ. 'ನಿಪ್ಪೊನ್' ಎಂಬುದನ್ನು ಅವರು ನಾಲ್ಕು ಎಣಿಸುತ್ತಾರೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ನೀವೂ ಹಾಕಿ ನೋಡಿ: ಎರಡು ಗುರು, ನಾಲ್ಕು ಮಾತ್ರೆ. ಲೆಕ್ಕ ಪಕ್ಕಾ. ಷಟ್ಪದಿಗೆ ಗೆರೆ ಎಳೆದು ಗಣ ವಿಂಗಡಿಸುವಾಗ ಇದೆಲ್ಲ ಯಾವ ಕೆಲಸಕ್ಕೆ ಬರುತ್ತೆ ಅಂತ ಗೊಣಗಿದವನು ನಾನು. ಕವಾಸಾಕಿಯಲ್ಲಿ ಕೆಲಸಕ್ಕೆ ಬಂತು.

ಕುಸಾನೊ ಅವರ ರಾಗಗಳಲ್ಲಿ ಹೆಚ್ಚಾಗಿ ಒಂದು ಎಣಿಕೆಗೆ ಒಂದು ಸ್ವರ. ನಮ್ಮ ಭಾವಗೀತೆಯ ಹಾಗೆ ಒಂದೇ ಅಕ್ಷರವನ್ನು ಎಳೆದಾಡಿಸುವುದು ಕಡಿಮೆ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಕೆಳಗೆ ಚುಕ್ಕಿ ಇಡುತ್ತೇನೆ, ಕಾರ್ಡ್ ಬದಲಾಗುವ ಚುಕ್ಕಿಗೆ ಮಾತ್ರ ಕೆಂಪು ಪೆನ್ನು. ಕರಾವೋಕೆ ಪರದೆಯಲ್ಲಿ ಚೀನೀ ಮೂಲದ ಕಂಜಿ ಅಕ್ಷರಗಳ ಮೇಲೆ ಅವುಗಳ ಉಚ್ಚಾರ ತೋರಿಸುವ ಹಿರಗಾನ ಲಿಪಿ ಪುಟ್ಟದಾಗಿ ಇರುತ್ತದೆ, ಬಣ್ಣ ತುಂಬುತ್ತ ಹೋಗುತ್ತದೆ. ಹಿರಗಾನ ಬಂದರೆ ಸಾಕು, ಪರದೆಯೇ ಮೇಷ್ಟ್ರು.

ಕಡೆಗೂ ಉಳಿದ ಕಷ್ಟ ಎತ್ತರದ ದನಿ. ಈ ಹಾಡುಗಳು ಕಿವಿಗೆ ಹಗುರ, ಗಂಟಲಿಗೆ ಅಲ್ಲ. 1993ರ 'ಕ್ರಿಸ್ಪಿ!' ಆಲ್ಬಮ್‌ನಿಂದ ಜೊತೆಯಾದ ನಿರ್ಮಾಪಕ ಸಾಸಾಜಿ ಮಸಾನೊರಿ, ನಿನ್ನ ದನಿಯ ಚೆಂದ ಇರುವುದೇ ಮೇಲಿನ ಸ್ವರಗಳಲ್ಲಿ, ಅಲ್ಲೇ ಹಾಡು ಕಟ್ಟು ಎಂದು ಕುಸಾನೊ ಅವರನ್ನು ಹುರಿದುಂಬಿಸಿದವರು. ಅವರಿಗದು ವರವಾಯಿತು, ನಮಗೆ ಶಿಕ್ಷೆ! ನಾನು 'ಚೆರಿ'ಯನ್ನು ಕರಾವೋಕೆ ರಿಮೋಟ್‌ನಲ್ಲಿ ಶ್ರುತಿ ಮೂರು ಮೆಟ್ಟಿಲು (ಒಂದೊಂದು ಮೆಟ್ಟಿಲೂ ಅರ್ಧ ಸ್ವರ) ಇಳಿಸುತ್ತೇನೆ. ಗಿಟಾರಿನಲ್ಲಿ ಅದೇ ಬೇಕಾದರೆ ಎರಡನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಜಿ, ಡಿ, ಇ ಮೈನರ್, ಬಿ ಮೈನರ್, ಸಿ, ಜಿ, ಸಿ, ಡಿ ಹಿಡಿಯಬೇಕು. ಎಫ್ ಕಾಟ ತಪ್ಪಿತು ಅಂತ ಖುಷಿಪಡುವಷ್ಟರಲ್ಲಿ ಬಿ ಮೈನರ್ ಬಂದು ಕೂತಿರುತ್ತದೆ. ತಪ್ಪಿಸಿಕೊಳ್ಳುವ ದಾರಿ ಇಲ್ಲ ಬಿಡಿ.

"ಇಳಿಸಿ ಹಾಡಿದರೆ ನಾಚಿಕೆ ಅಲ್ವಾ?" ಅಂತ ನಮ್ಮ ತಂಡದ ಹಿರಿಯರೊಬ್ಬರನ್ನು ಕೇಳಿದ್ದೆ. "ಮೂಲ ಶ್ರುತಿಯಲ್ಲಿ ಹಾಡುತ್ತೇನೆ ಅಂತ ಹೋಗಿ ಕೋರಸ್‌ನಲ್ಲಿ ಬಾಯಿ ಮುಚ್ಚುವುದು ನಾಚಿಕೆ" ಅಂದರು. ಅವರು ಐದು ಮೆಟ್ಟಿಲು ಇಳಿಸುತ್ತಾರೆ.

'ಚೆರಿ' ಕೈಗೆ ಕೂತ ಮೇಲೆ 'ಸೊರಾ ಮೊ ತೊಬೆರು ಹಜು'. ಈ ಹಾಡಿನ ಕಥೆ ತಮಾಷೆಯಾಗಿದೆ. 1994ರಲ್ಲಿ ಬಂದಾಗ ಅಂಥ ಸದ್ದೇನೂ ಮಾಡಲಿಲ್ಲ. 1996ರಲ್ಲಿ ಹೈಸ್ಕೂಲ್ ಮಕ್ಕಳ ಕಥೆಯ ಒಂದು ಟಿ.ವಿ. ಧಾರಾವಾಹಿಗೆ ಶೀರ್ಷಿಕೆ ಗೀತೆಯಾಯಿತು ನೋಡಿ, ನೇರ ಮೊದಲ ಸ್ಥಾನಕ್ಕೆ ಏರಿತು. ಆಮೇಲೆ ಶಾಲೆಗಳ ಬೀಳ್ಕೊಡುಗೆ ಸಮಾರಂಭದಲ್ಲಿ ಮಕ್ಕಳು ಹಾಡುವ ಹಾಡೂ ಆಯಿತು. ಹಾಗಾಗಿ ಕೋಣೆಯಲ್ಲಿ ಯಾರಿಗೂ ಪರದೆ ನೋಡುವ ಅಗತ್ಯ ಬೀಳುವುದಿಲ್ಲ. ನೀವು ತಪ್ಪಿದರೂ ಹಾಡು ನಿಲ್ಲುವುದಿಲ್ಲ, ಅವರೇ ಎತ್ತಿಕೊಂಡು ಹೋಗುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹಾಡಿಲ್ಲ.

'ರಾಬಿನ್ಸನ್'ಗೆ ಕೈಹಾಕಿದ್ದು ಇಷ್ಟೆಲ್ಲ ಆದ ಮೇಲೆ. ಆ ಹೆಸರಿಗೂ ಹಾಡಿನ ಕಥೆಗೂ ಸಂಬಂಧವಿಲ್ಲ. ಕುಸಾನೊ ಥಾಯ್ಲೆಂಡಿಗೆ ಹೋಗಿದ್ದಾಗ ಕಂಡ ಡಿಪಾರ್ಟ್‌ಮೆಂಟ್ ಸ್ಟೋರ್‌ನ ಹೆಸರು ಅದು. ಸದ್ಯಕ್ಕಿರಲಿ ಅಂತ ಇಟ್ಟದ್ದು ಹಾಗೇ ಉಳಿಯಿತು. ಹಾಡಿನ ಜೀವ ಇರುವುದು ಶುರುವಿನಲ್ಲೇ ಕೇಳುವ ಮಿವಾ ಅವರ ಆರ್ಪೆಜಿಯೋದಲ್ಲಿ. ಕಾರ್ಡನ್ನು ಒಟ್ಟಿಗೆ ಬಾರಿಸದೆ ಒಂದೊಂದೇ ತಂತಿಯನ್ನು ಬಿಡಿಸುತ್ತ ಹೋಗುತ್ತಾರೆ. ಕೇಳುವುದಕ್ಕೆ ನೀರು ಹರಿದಷ್ಟು ಸಲೀಸು, ಆದರೆ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ತಂತಿಯಿಂದ ತಂತಿಗೆ ಜಿಗಿಯುತ್ತಿರಬೇಕು. ಜೊತೆಗೆ ಹಾಡುವುದಂತೂ ಇನ್ನೊಂದೇ ಕಸರತ್ತು. ನಾನು ಬಾಯಿ ಮುಚ್ಚಿಕೊಂಡು ಬರೀ ಬಲಗೈ ಕಲಿತೆ. ಲಯ ಹಾಕುವ ಮೆಟ್ರೊನೋಮ್ ಅರ್ಧ ವೇಗಕ್ಕೆ ಇಟ್ಟು, ಒಂದು ಕಾರ್ಡ್ ಸಾಫಾಗುವ ತನಕ ಮುಂದಿನದಕ್ಕೆ ಹೋಗದೆ. ಹಾಡುವಾಗ ಈಗಲೂ ಆರ್ಪೆಜಿಯೋ ಬಿಟ್ಟು ಸುಮ್ನೆ ಕಾರ್ಡ್ ಬಾರಿಸುತ್ತೇನೆ. ಬ್ಯಾಂಡಿನಲ್ಲೇ ಆ ಕೆಲಸಕ್ಕೆ ಇಬ್ಬರಿದ್ದಾರೆ, ನಾನೊಬ್ಬನೇ ಯಾಕೆ ಮಾಡಲಿ?

1998ರ 'ಕಾಯೆದೆ' ಬೇರೆಯೇ ಜಾತಿ. ನಿಧಾನದ ಹಾಡು, ಬೀಳ್ಕೊಡುವ ಹಾಡು. ಬೆರಳಿಗೆ ಏನೂ ಕಷ್ಟವಿಲ್ಲ, ಉಸಿರಿಗೆ ಕಷ್ಟ. ಕೋರಸ್ ಸಾಲುಗಳ ನಡುವೆ ಉಸಿರು ಎಲ್ಲಿ ಎಳೆದುಕೊಳ್ಳಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕದೆ ಹಾಡಲು ನನಗಾಗುವುದಿಲ್ಲ. ಪಾರ್ಟಿ ಜೋರಾಗಿರುವಾಗ ಇದನ್ನು ಹಾಕಬೇಡಿ, ಎಲ್ಲರೂ ಮಂಕಾಗುತ್ತಾರೆ.

'ನಗಿಸಾ', 'ನಮಿದಾ ಗ ಕಿರಾರಿ', 2005ರ 'ಹರು ನೊ ಉತಾ', ಇವನ್ನೆಲ್ಲ ಕೇಳಿ ಕೇಳಿಯೇ ಕಲಿತೆ. ಎಲ್ಲವನ್ನೂ ಒಂದೇ ಕಡೆ ಬೇಕು ಅನ್ನುವವರು 'ಸೈಕಲ್ ಹಿಟ್' ಎಂಬ ಸಂಕಲನಗಳನ್ನು ಹುಡುಕಿ. ಇನ್ನು 2019ರ 'ಯಸಾಶೀ ಅನೊ ಕೊ' ಉತ್ತರದ ಹೊಕ್ಕಾಯ್ಡೊ ದ್ವೀಪದ ಕಥೆಯ, ಎನ್.ಎಚ್.ಕೆ. (ಜಪಾನಿನ ಸಾರ್ವಜನಿಕ ಟಿ.ವಿ.) ಬೆಳಗಿನ ಧಾರಾವಾಹಿಯ ಹಾಡು. ಆರು ತಿಂಗಳು ದಿನಾ ಬೆಳಿಗ್ಗೆ ಮನೆಮನೆಯಲ್ಲಿ ಕೇಳಿದ್ದರಿಂದ ರಾಕ್ ಅಂದರೆ ಮುಖ ಸಿಂಡರಿಸುವ ಅಜ್ಜಿಯರಿಗೂ ಗೊತ್ತು. ನದಿ ದಂಡೆಯಲ್ಲಿ ನಾನು ಇದನ್ನು ಬಾರಿಸುವಾಗ ಮಾತ್ರ ವಾಕಿಂಗ್ ಬಂದವರು ಒಂದು ಗಳಿಗೆ ನಿಲ್ಲುತ್ತಾರೆ.

ಈಗ ಆಫೀಸಿನ ಇಬ್ಬರ ಜೊತೆ ಸೇರಿ ಗಂಟೆ ಲೆಕ್ಕದಲ್ಲಿ ಸ್ಟುಡಿಯೋ ಬಾಡಿಗೆಗೆ ಹಿಡಿಯುತ್ತಿದ್ದೇವೆ. ಡ್ರಮ್ಸ್‌ಗೆ ಒಬ್ಬರು, ಆರ್ಪೆಜಿಯೋಗೆ ಒಬ್ಬರು ಸಿಕ್ಕಿದ್ದಾರೆ, ಇನ್ನೂ ಸಿಗದಿರುವುದು ಬೇಸ್ ಗಿಟಾರಿಗೆ. ತಮುರಾ ಅವರ ಬೇಸ್ ಸುಮ್ನೆ ತಾಳ ಹಾಕಿಕೊಂಡು ಕೂರುವುದಿಲ್ಲ, ಅದೇ ಇನ್ನೊಂದು ರಾಗ ಹಾಡುತ್ತಿರುತ್ತದೆ. ಅದಿಲ್ಲದೆ 'ರಾಬಿನ್ಸನ್' ಬೋಳು ಬೋಳು. ವೇದಿಕೆ ತುಂಬ ಅವರ ಹಾಗೆ ಹುಚ್ಚಾಪಟ್ಟೆ ಓಡಾಡುವ ಅಗತ್ಯವಿಲ್ಲ, ನಮ್ಮ ಸ್ಟುಡಿಯೋ ಕೋಣೆಯಲ್ಲಿ ಅಷ್ಟು ಜಾಗವೂ ಇಲ್ಲ. ನಿಂತಲ್ಲೇ ನಿಂತು ನುಡಿಸಿದರೆ ಸಾಕು.