ಗುರಿ ತಪ್ಪುವ .22 ರೈಫಲ್: ನಳಿಗೆಗೆ ಬೈಯುವ ಮುಂಚೆ ಮರ ನೋಡಿ

ನನ್ನ ರೈಫಲ್‌ನ ಸ್ಟಾಕ್, ಅಂದರೆ ನಳಿಗೆಯನ್ನು ಹೊತ್ತು ನಿಲ್ಲುವ ಮರದ ಭಾಗ, ಮೇ ತಿಂಗಳಲ್ಲಿ 1,040 ಗ್ರಾಂ ತೂಗಿತು. ಆಗಸ್ಟ್‌ನಲ್ಲಿ ಅದೇ ಮರ 1,112 ಗ್ರಾಂ. ತೂಗಿದ್ದು ಮಗಳು ಕೇಕ್ ಮಾಡಲು ತಂದಿದ್ದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಮೈದಾ ಇಡುವ ಜಾಗದಲ್ಲಿ ಕೋವಿಯ ಮರ ಇಟ್ಟಿದ್ದಕ್ಕೆ ಬೈಗುಳ ತಿಂದೆ. ಆದರೆ ಆ 72 ಗ್ರಾಂ ಪುಣೆಯ ಮಳೆಗಾಲದ ನೀರು. ನನ್ನ ಈಡುಗಳು ಚೆಲ್ಲಾಪಿಲ್ಲಿಯಾಗುತ್ತಿದ್ದುದಕ್ಕೆ ಅದೇ ಮೂಲ.

ಕೋವಿ ಅಪ್ಪನದು. ಕೊಪ್ಪದ ಹತ್ತಿರ ನಮ್ಮ ಊರು. ಬೋಲ್ಟ್ ಆಕ್ಷನ್ .22, ಅಂದರೆ ಪ್ರತಿ ಈಡಿಗೂ ಬೋಲ್ಟ್ ಅನ್ನುವ ಹಿಂಬದಿಯ ಸರಳನ್ನು ಕೈಯಲ್ಲಿ ಎಳೆದು ತೋಟೆ ಏರಿಸುವ, 0.22 ಇಂಚು ನಳಿಗೆಯ ಕೋವಿ, ಬೇಟೆಗೆ ಅಂತಲೇ ಕೊಂಡಿದ್ದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಗೆ ಬೇಟೆಯ ಕಥೆ ಮುಗಿಯಿತು, ಕೋವಿ ಪೆಟ್ಟಿಗೆ ಸೇರಿತು. ಪೆಟ್ಟಿಗೆಯಲ್ಲಿ ಅದರ ಮೂಲ ಅಕ್ರೋಟು ಮರವನ್ನು ಒರಲೆ ತಿಂದಿತು. ಊರಿನ ಆಚಾರ್ರು ಮಾವಿನ ಹಲಗೆಯಲ್ಲಿ ಹೊಸದು ಕೆತ್ತಿಕೊಟ್ಟರು. ನೋಡಲು ಚೆಂದವೇ ಇತ್ತು. ಅಪ್ಪ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು, ಕೋವಿ ಪುಣೆಗೆ ಬಂತು. ಭೋಸರಿಯಲ್ಲಿ ಅಚ್ಚು, ಉಪಕರಣ ತಯಾರಿಸುವ ಟೂಲ್‌ರೂಮ್‌ನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಭಾನುವಾರ ಬಾಲೆವಾಡಿಯ ಕ್ರೀಡಾ ಸಂಕೀರ್ಣದ 50 ಮೀಟರ್ ರೇಂಜ್‌ನಲ್ಲಿ ಕಾಗದಕ್ಕೆ ಹೊಡೆಯುತ್ತೇನೆ. ಅಷ್ಟೇ ನನ್ನ ಬೇಟೆ.

ಮೊದಲ ಸಲ ಹತ್ತು ಈಡು ಹೊಡೆದಾಗ ಗ್ರೂಪ್, ಅಂದರೆ ತೂತುಗಳ ಹರಡು, 62 ಮಿ.ಮೀ. ಅಗಲ ಬಂತು. ಅಳೆಯುವುದು ಹೀಗೆ: ಅತಿ ದೂರದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ. ಒಲಿಂಪಿಕ್ಸ್‌ನ 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಗಲ ಬರೀ 10.4 ಮಿ.ಮೀ. ನನ್ನದು ಎಲ್ಲಿ, ಅದು ಎಲ್ಲಿ! ಹಳೇ ಬೇಟೆ ಕೋವಿಯಿಂದ ಅಷ್ಟು ಕೇಳಬಾರದು ನಿಜ. ಆದರೂ ಆರೋಗ್ಯವಾಗಿರುವ .22 ರೈಫಲ್ ಈ ದೂರಕ್ಕೆ 20–25 ಮಿ.ಮೀ. ಒಳಗೆ ಹತ್ತನ್ನೂ ಇಡಬೇಕು.

ನನ್ನ ಅಳಿಯನ ಸಲಹೆ, "ಮಾವ, ಮಾರಿ ಹೊಸದು ತಗೊಳ್ಳಿ, ಸುಮ್ನೆ ಯಾಕೆ ಒದ್ದಾಡ್ತೀರಿ?" ಮಾರೋದು ಹಳೇ ಬೈಕ್ ಮಾರಿದಷ್ಟು ಸುಲಭ ಅಲ್ಲ. ಕೊಳ್ಳುವವನಿಗೆ ಲೈಸೆನ್ಸ್ ಇರಬೇಕು, ಪೊಲೀಸರಿಗೆ ಮುಂಚೆಯೇ ತಿಳಿಸಬೇಕು. ಇದನ್ನು ಇಟ್ಟುಕೊಂಡೇ ಇನ್ನೊಂದು ಕೊಳ್ಳೋಣ ಅಂದರೆ, 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರರಿಗೆ ಎರಡೇ ಬಂದೂಕು. ಮುಂಚೆ ಮೂರಿತ್ತು. ಅದಕ್ಕೇ ಮೊದಲು ರಿಪೇರಿ, ಆಮೇಲೆ ಮರ ಬದಲಾವಣೆ, ಕೋವಿಯನ್ನೇ ಬದಲಿಸುವುದು ಕೊನೆಗೆ. ನನ್ನ ಲೆಕ್ಕ ಇದು.

ಕೆಲಸಕ್ಕೆ ಕೂರುವ ಮುಂಚೆ ಮ್ಯಾಗಜೀನ್ (ತೋಟೆ ತುಂಬುವ ಗೂಡು) ತೆಗೆಯಿರಿ, ಬೋಲ್ಟ್ ತೆಗೆಯಿರಿ, ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟು ಬೆಳಕು ಕಾಣುತ್ತಾ ನೋಡಿ. ತೋಟೆಗಳು ಬೇರೆ ಕೋಣೆಯಲ್ಲಿ ಬೀಗದಲ್ಲಿರಲಿ. ಇನ್ನೊಂದು ಮಾತು. ಬಂದೂಕು ರಿಪೇರಿಯನ್ನು ವೃತ್ತಿಯಾಗಿ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆಯೇ ಲೈಸೆನ್ಸ್ ಇದೆ. ಒರೆಸುವುದು, ಸ್ಕ್ರೂ ಬಿಗಿ ಮಾಡುವುದು, ಮರಕ್ಕೆ ಎಣ್ಣೆ ಹಚ್ಚುವುದು ನಮ್ಮ ಕೆಲಸ. ಕಬ್ಬಿಣಕ್ಕೆ ಅರ ಹಚ್ಚುವುದು ಅಲ್ಲ. ಪರಿಚಯದ ಲೇಥ್‌ನವನ ಹತ್ತಿರ ಕೋವಿ ಒಯ್ಯಲೇಬೇಡಿ. ಮುಂದೆ ಹೇಳುವ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ಕೆಲಸವನ್ನು ನಾನು ಲೈಸೆನ್ಸ್ ಇರುವ ಗನ್‌ಸ್ಮಿತ್‌ರ ಮೇಜಿನ ಮೇಲೆ, ಅವರ ಜೊತೆ ಕೂತು ಮಾಡಿದ್ದು.

ಮೊದಲ ಪರೀಕ್ಷೆ ನಿಮ್ಮದೇ. ನಿಮಗಿಂತ ಚೆನ್ನಾಗಿ ಹೊಡೆಯುವವರ ಕೈಗೆ, ರೇಂಜ್‌ನಲ್ಲೇ, ಅಲ್ಲಿಯವರ ಒಪ್ಪಿಗೆ ಪಡೆದು ಕೋವಿ ಕೊಡಿ. ನಮ್ಮ ಕೋಚ್ ಹೊಡೆದರು, 55 ಮಿ.ಮೀ. ಬಂತು. ನನಗೆ ಒಳಗೊಳಗೇ ಖುಷಿ. ತಪ್ಪು ನನ್ನದೊಂದೇ ಅಲ್ಲವಲ್ಲ!

ಎರಡನೆಯದು ತೋಟೆ. .22 ಕೋವಿಗಳಿಗೆ ನಾಲಿಗೆ ರುಚಿ ಜಾಸ್ತಿ. ಒಂದು ಬಗೆ ಹಿಡಿಸಿದರೆ ಇನ್ನೊಂದು ಹಿಡಿಸುವುದಿಲ್ಲ. ಮೂರು ಬಗೆಯ ತೋಟೆಗಳನ್ನು ಹತ್ತತ್ತು ಹೊಡೆದು ನೋಡಿದೆ. 62, 58, 47. ಶಬ್ದಕ್ಕಿಂತ ನಿಧಾನ ಹೋಗುವ ಸ್ಟ್ಯಾಂಡರ್ಡ್ ವೇಗದ್ದೇ ಗೆದ್ದಿತು. ಸಾಮಾನ್ಯವಾಗಿ ಅದೇ ಗೆಲ್ಲುತ್ತದೆ. ಬಗೆ ಬದಲಿಸಿದಾಗ ಲೆಕ್ಕ ಶುರು ಮಾಡುವ ಮುಂಚೆ ಹತ್ತು ಹನ್ನೆರಡು ಈಡು ಸುಮ್ಮನೆ ಹೊಡೆದುಬಿಡಿ. ಹಳೆಯ ತೋಟೆಯ ಮೇಣ ನಳಿಗೆಯಲ್ಲಿ ಉಳಿದಿರುತ್ತದೆ.

ಮೂರನೆಯದು ನಳಿಗೆಯ ಬಾಯಿ. ಹತ್ತಿ ಸುತ್ತಿದ ಕಿವಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಅಂಚಿನ ಸುತ್ತ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟು ಬಿದ್ದಿದೆ. ಬಾಯಿಯ ಕಡೆಯಿಂದ ಕಬ್ಬಿಣದ ಕಡ್ಡಿ ತೂರಿಸಿ ಒರೆಸಿದ ಕೋವಿಗಳಲ್ಲಿ ಈ ರೋಗ ಜಾಸ್ತಿ. ಯಾವತ್ತೂ ಹಿಂದಿನಿಂದಲೇ ಒರೆಸಿ. ಬಾಯಿ ಕೆಟ್ಟಿದ್ದರೆ ಗನ್‌ಸ್ಮಿತ್ ಸರಿ ಮಾಡುತ್ತಾರೆ. ನೀವೇ ಗರಗಸ ಹಿಡಿಯಬೇಡಿ, ನಳಿಗೆ ಮೊಟಕು ಮಾಡುವುದು ದೊಡ್ಡ ಅಪರಾಧ. ನನ್ನದು ಚೆನ್ನಾಗಿತ್ತು.

ನಾಲ್ಕನೆಯದು ಸ್ಕ್ರೂಗಳು. ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಹಿಡಿದಿರುವವು, ಆಮೇಲೆ ಮರವನ್ನೂ ಕಬ್ಬಿಣವನ್ನೂ (ನಳಿಗೆ ಮತ್ತು ಅದರ ಹಿಂದೆ ಬೋಲ್ಟ್ ಕೂರುವ ಭಾಗ) ಸೇರಿಸುವ ಎರಡು. ಹಿಂದಿನ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು. ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ ಎರಡನ್ನೂ 2.2 ನ್ಯೂಟನ್ ಮೀಟರ್‌ಗೆ ಬಿಗಿದೆ. ಗ್ರೂಪ್ 41ಕ್ಕೆ ಇಳಿಯಿತು. ಎರಡು ವಾರ ಬಿಟ್ಟು ನೋಡಿದರೆ ಮತ್ತೆ ಸಡಿಲ! ಸ್ಕ್ರೂ ತಾನಾಗಿ ಬಿಚ್ಚಿಕೊಂಡಿರಲಿಲ್ಲ. ಕೆಳಗಿನ ಮೆತ್ತನೆ ಮಾವು ಅದುಮಿಕೊಂಡು ತಗ್ಗಾಗಿತ್ತು. ತಕ್ಕಡಿ ಹೊರಗೆ ಬಂದದ್ದು ಆಗಲೇ.

ಮರ ಕೆಟ್ಟಿದೆ ಅಂತ ಖಚಿತ ಮಾಡಿಕೊಳ್ಳಲು ಎರಡು ಪರೀಕ್ಷೆ ಇವೆ. ಒಂದು ನೋಟಿನದು. ನಳಿಗೆಗೂ ಅದರ ಕೆಳಗಿನ ಮರದ ಕಾಲುವೆಗೂ ನಡುವೆ ನೂರರ ನೋಟು ತೂರಿಸಿ, ತುದಿಯಿಂದ ಹಿಂದಕ್ಕೆ ಎಳೆಯಿರಿ. ನನ್ನದು ತುದಿಯಿಂದ ನಾಲ್ಕು ಬೆರಳು ಬಂದು ಎಡಗಡೆ ಸಿಕ್ಕಿಕೊಂಡಿತು. ಮಳೆ ಕುಡಿದು ಮರ ತಿರುಚಿ, ನಳಿಗೆಯನ್ನು ಒಂದೇ ಪಕ್ಕದಿಂದ ಒತ್ತುತ್ತಿತ್ತು. ಪ್ರತಿ ಈಡಿಗೂ ನಳಿಗೆ ನಡುಗುತ್ತದೆ. ಹೀಗೆ ಅಡ್ಡಾದಿಡ್ಡಿ ಒತ್ತಿದರೆ ಪ್ರತಿ ಸಲ ಒಂದೊಂದು ಥರ ನಡುಗುತ್ತದೆ. ಎರಡನೆಯದು ನಮ್ಮ ಟೂಲ್‌ರೂಮ್ ಪರೀಕ್ಷೆ. ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್‌ನ ಮ್ಯಾಗ್ನೆಟಿಕ್ ಬೇಸನ್ನು ನಳಿಗೆಗೆ ಅಂಟಿಸಿ, ಮುಳ್ಳಿನ ತುದಿಯನ್ನು ಮರದ ಮುಂತುದಿಗೆ ತಾಗಿಸಿ, ಮುಂದಿನ ಸ್ಕ್ರೂ ನಿಧಾನ ಸಡಿಲಿಸಿ. ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಓಡಿದರೆ ಕಬ್ಬಿಣ ಸೊಟ್ಟ ಹಾಸಿಗೆಯ ಮೇಲೆ ಬಲವಂತವಾಗಿ ಬಾಗಿ ಕೂತಿದೆ ಅಂತ ಅರ್ಥ. ನನ್ನದು 0.3 ಓಡಿತು. ಗೇಜ್ ಇಲ್ಲದಿದ್ದರೆ ಹೆಬ್ಬೆರಳು ತೋರುಬೆರಳಿನಲ್ಲಿ ನಳಿಗೆ ಮತ್ತು ಮರದ ಸಂದನ್ನು ಹಿಡಿದುಕೊಳ್ಳಿ, ಅಷ್ಟು ಅಲುಗಾಟ ಬೆರಳಿಗೇ ತಿಳಿಯುತ್ತದೆ.

ಇಲ್ಲಿ ನಾನೊಂದು ಅವಸರ ಮಾಡಿದೆ. ಕಾಲುವೆಯನ್ನು ಉಜ್ಜಿ ಅಗಲ ಮಾಡಿದರೆ ಆಯಿತಲ್ಲ ಅಂದುಕೊಂಡೆ. ಪೈಪಿಗೆ ಸುತ್ತಿದ ಸ್ಯಾಂಡ್‌ಪೇಪರಿನಲ್ಲಿ ಒಂದು ಸಂಜೆ ಉಜ್ಜಿದೆ. ನೋಟು ಸರಾಗವಾಗಿ ಓಡಿತು. ಗ್ರೂಪ್ ಮಾತ್ರ 53ಕ್ಕೆ ಹಿಗ್ಗಿತು. ಮುಂದಿನ ಒತ್ತಡವೇ ಒಂದು ಊರುಗೋಲಿನ ಹಾಗೆ ಇತ್ತು. ಅದನ್ನು ಕಿತ್ತ ಮೇಲೆ ಕಬ್ಬಿಣ ತನ್ನ ಸೊಟ್ಟ ಹಾಸಿಗೆಯಲ್ಲಿ ಕುರ್ಚಿಯ ಕುಂಟುಗಾಲಿನಂತೆ ಆಡತೊಡಗಿತು. ಮೊದಲು ಹಾಸಿಗೆ ಸರಿ ಮಾಡಿ, ಆಮೇಲೆ ನಳಿಗೆ ಬಿಡಿಸಿ.

ಹಾಸಿಗೆ ಸರಿ ಮಾಡುವುದು ಅಂದರೆ ಬೆಡ್ಡಿಂಗ್. ಕಬ್ಬಿಣ ಕೂರುವ ಜಾಗದಲ್ಲಿ ಎಪಾಕ್ಸಿ ತುಂಬಿ, ಅದರ ಮೈಗೆ ಸರಿಯಾದ ಅಚ್ಚು ತೆಗೆಯುವುದು. ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಸಾಮಾನೆಲ್ಲ ಸಿಗುತ್ತದೆ. ನಿಧಾನ ಗಟ್ಟಿಯಾಗುವ ಎಪಾಕ್ಸಿ, ಅಲ್ಯೂಮಿನಿಯಂ ಪುಡಿ, ಮಕ್ಕಳ ಆಟದ ಜೇಡಿ, ಮಾಸ್ಕಿಂಗ್ ಟೇಪ್, ಬೂಟಿಗೆ ಹಚ್ಚುವ ಮೇಣದ ಪಾಲಿಶ್. ಐದೇ ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಬೇಡ, ಕಬ್ಬಿಣ ನೆಟ್ಟಗೆ ಕೂರಿಸುವಷ್ಟರಲ್ಲಿ ಕಲ್ಲಾಗಿಬಿಡುತ್ತದೆ.

ಮೊದಲು ಸ್ಕ್ರೂ ಹಾದುಹೋಗುವ ಎರಡು ತೂತಿಗೆ ಅಲ್ಯೂಮಿನಿಯಂ ಕೊಳವೆ ಕೂರಿಸಿದೆವು. ಹೊರಗಡೆ 12 ಮಿ.ಮೀ. ಕೊಳವೆಯ ಒಂದು ತುದಿ ಮೇಲಿನ ಕಬ್ಬಿಣಕ್ಕೂ ಇನ್ನೊಂದು ತುದಿ ಕೆಳಗಿನ ತಗಡಿಗೂ ತಾಗಬೇಕು. ಆಗ ಸ್ಕ್ರೂ ಬಿಗಿದರೆ ಒತ್ತಡ ಲೋಹದ ಮೇಲೆ ಬೀಳುತ್ತದೆ, ಮರ ಅದುಮಿಕೊಳ್ಳುವುದಿಲ್ಲ. ಸ್ಕ್ರೂ ಮಾತ್ರ ಕೊಳವೆಯ ಒಳಗೋಡೆಗೆ ತಾಗಬಾರದು. ಆಮೇಲೆ ಮುಂದಿನ ಸ್ಕ್ರೂ ಸುತ್ತ, ನಳಿಗೆ ಶುರುವಾಗುವ ಜಾಗದವರೆಗೆ, ಎರಡು ಮೂರು ಮಿ.ಮೀ. ಆಳಕ್ಕೆ ಉಳಿಯಿಂದ ಮರ ತೆಗೆದೆವು. ಅಂಚಿನ ಮರ ಹಾಗೇ ಬಿಡಬೇಕು, ಕಬ್ಬಿಣದ ಎತ್ತರ ಕೆಡದ ಹಾಗೆ.

ಈಗ ಮೇಣ. ಕಬ್ಬಿಣದ ಮೈಗೆ, ಸ್ಕ್ರೂಗಳ ಥ್ರೆಡ್‌ಗೆ, ಎಲ್ಲ ಕಡೆ ಎರಡು ಸಲ ಹಚ್ಚಿ ಒಣಗಿಸಿ. ತೂತು, ಸಂದು, ಮ್ಯಾಗಜೀನ್ ಗೂಡು ಎಲ್ಲಕ್ಕೂ ಜೇಡಿ ತುಂಬಿ. ಒಂದು ಸಂದು ಮರೆತರೆ ಎಪಾಕ್ಸಿ ಅಲ್ಲಿಗೆ ಇಳಿದು ಬೀಗ ಹಾಕಿದಂತೆ ಹಿಡಿದುಕೊಳ್ಳುತ್ತದೆ. ಆಮೇಲೆ ಮರ ಒಡೆದೇ ಕೋವಿ ಬಿಡಿಸಬೇಕು. ನಮ್ಮ ಗನ್‌ಸ್ಮಿತ್ ಮೇಣ ಹಚ್ಚಿದ ಮೇಲೆ ಚಹಾ ಕುಡಿದು ಬಂದು ಮತ್ತೊಮ್ಮೆ ಎಲ್ಲ ನೋಡುತ್ತಾರೆ. ಆ ಚಹಾ ಕೂಡ ಕೆಲಸದ ಭಾಗವೇ.

ಎಪಾಕ್ಸಿ ಸಮಸಮ ಕಲಸಿ, ಪುಡಿ ಸೇರಿಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಮಾಡಿ. ಹಾಕಿ, ಕಬ್ಬಿಣ ಇಳಿಸಿ. ಸ್ಕ್ರೂಗಳನ್ನು ಬೆರಳಲ್ಲಿ ತಿರುವಿ ತಾಗಿಸಿದರೆ ಸಾಕು. ಜೋರಾಗಿ ಬಿಗಿದರೆ ಹಳೆಯ ಸೊಟ್ಟವೇ ಅಚ್ಚಾಗಿ ಕೂರುತ್ತದೆ. ಹೊರಗೆ ಉಕ್ಕಿದ್ದನ್ನು ವಿನೆಗರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. 24 ಗಂಟೆ ಮುಟ್ಟಬೇಡಿ. ಮರುದಿನ ಸ್ಕ್ರೂ ಬಿಚ್ಚಿ, ನಳಿಗೆ ಹಿಡಿದು ನೇರ ಮೇಲಕ್ಕೆ ಎಳೆದಾಗ ಟಪ್ ಅಂತ ಸದ್ದಾಗಿ ಬಿಟ್ಟುಕೊಂಡಿತು. ಡಯಲ್ ಗೇಜ್ ಮತ್ತೆ ಹಿಡಿದರೆ 0.02. ಆ ಭಾನುವಾರ ಗ್ರೂಪ್ 21 ಮಿ.ಮೀ.

ಇನ್ನೊಂದು ಸಣ್ಣ ಕೆಲಸವೂ ಮಾಡಿಸಿದೆ. ಹಳೇ ಸ್ಟಾಕ್‌ಗಳು ಬರಿಗಣ್ಣಿನ ಗುರಿಗೆ ಮಾಡಿದವು. ಸ್ಕೋಪ್ ಹಾಕಿದರೆ ಕಣ್ಣು ಮೇಲೆ ಹೋಗಬೇಕು, ಕೆನ್ನೆಗೆ ಆಧಾರ ತಪ್ಪುತ್ತದೆ, ಗದ್ದ ಮಾತ್ರ ಮರಕ್ಕೆ ತಾಗುತ್ತದೆ. ಆಗ ತಲೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಗಟ್ಟಿ ಫೋಮ್ ಮೇಲೆ ಚರ್ಮ ಹೊಲಿಸಿ, ಲೇಸ್ ಕಟ್ಟುವ ಪಟ್ಟಿ ಮಾಡಿಸಿದೆ. ಅಳತೆಗೆ ಒಯ್ದದ್ದು ರಟ್ಟಿನ ಕೊಳವೆ, ಕೋವಿಯನ್ನಲ್ಲ. ಕಣ್ಣು ಮುಚ್ಚಿ ಕೆನ್ನೆ ಇಟ್ಟು, ಕಣ್ಣು ಬಿಟ್ಟ ಕೂಡಲೇ ಸ್ಕೋಪ್ ಪೂರ್ತಿ ಕಂಡರೆ ಎತ್ತರ ಸರಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಕಾಲುವೆಯ ಒಳಗೆಲ್ಲ ಪಾಲಿಯುರಿಥೇನ್ ವಾರ್ನಿಶ್ ಕೂಡ ಬಳಿದಿದ್ದೆ. ಮುಂದಿನ ಆಗಸ್ಟ್‌ನಲ್ಲಿ ಗ್ರೂಪ್ 33 ಆಯಿತು. ನೋಟು ಮತ್ತೆ ಎಡಗಡೆ ಸಿಕ್ಕಿಕೊಂಡಿತು. ಬಿಚ್ಚಿ ನೋಡಿದರೆ ಹಿಡಿಯ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಗನ್‌ಸ್ಮಿತ್ ಉಗುರಿನಲ್ಲಿ ಒತ್ತಿ ನೋಡಿ, "ಕಾಕಾ, ಲಾಕುಡ್ ಸಂಪ್ಲಂ" ಅಂದರು. ಮರದ ಕಥೆ ಮುಗಿಯಿತು ಅಂತ.

ಯಾವಾಗ ರಿಪೇರಿ ಬಿಟ್ಟು ಮರ ಬದಲಿಸಬೇಕು ಅಂದರೆ, ಕುತ್ತಿಗೆಯಲ್ಲಿ ಬಿರುಕು ಬಂದಾಗ, ಇಲ್ಲವೇ ಮುಂಭಾಗ ಪ್ರತಿ ಮಳೆಗಾಲವೂ ತಿರುಚಿದಾಗ. ನನ್ನದರಲ್ಲಿ ಎರಡೂ ಇತ್ತು. ಆಚಾರ್ರ ತಪ್ಪಿಲ್ಲ, ಕೈಗೆ ಸಿಕ್ಕ ಮರದಲ್ಲಿ ಕೆತ್ತಿದ್ದರು. ಎಳೆಗಳು ಕುತ್ತಿಗೆಗೆ ಅಡ್ಡವಾಗಿ ಹೋಗಿದ್ದವು, ಬಿರುಕು ಆ ದಾರಿಯಲ್ಲೇ ಬಂದಿತ್ತು. ಹೊಸ ಹಲಗೆ ಆರಿಸುವಾಗ ಎಳೆ ಕುತ್ತಿಗೆಯ ಉದ್ದಕ್ಕೂ ನೇರ ಓಡಬೇಕು. ಹೂವಿನಂಥ ಚಿತ್ತಾರ ಬೇಕಿದ್ದರೆ ಭುಜದ ಕಡೆ ಇರಲಿ. ಬೀಟೆ ಗಟ್ಟಿ, ಆದರೆ ಭಾರ. ಸಾಗುವಾನಿ ಅಲುಗುವುದು ಕಮ್ಮಿ, ಆದರೆ ಸಣ್ಣ ಅಂಚುಗಳು ಚಕ್ಕೆ ಏಳುತ್ತವೆ. ನಾನು ಮತ್ತೆ ಅಕ್ರೋಟಿಗೇ ಹೋದೆ. ಹಲಗೆ ತಂದು ಕೆತ್ತಿಸುವ ಮುಂಚೆ ವಾರಕ್ಕೊಮ್ಮೆ ತೂಗಿ ಬರೆದಿಟ್ಟೆ. ಐದು ವಾರ ತೂಕ ಒಂದೇ ಸಮ ನಿಂತ ಮೇಲೆಯೇ ಗನ್‌ಸ್ಮಿತ್‌ಗೆ ಕೊಟ್ಟದ್ದು. ಕೂಲಿ ಸೇರಿ 14 ಸಾವಿರ ಆಯಿತು. ಕೊಳವೆ, ಬೆಡ್ಡಿಂಗ್ ಎಲ್ಲ ಮೊದಲಿನ ಹಾಗೇ.

ಹೊಸ ಮರದ ಹೊರಮೈಗೆ ಅಗಸೆ ಎಣ್ಣೆ, ತೆಳ್ಳಗೆ, ದಿನಕ್ಕೊಂದು ಸಲ, ಹತ್ತು ದಿನ. ಕಾಲುವೆಗೆ ಮತ್ತು ಭುಜದ ತಗಡಿನ ಕೆಳಗಿನ ಕತ್ತರಿಸಿದ ತುದಿಗೆ ವಾರ್ನಿಶ್. ನೀರು ಕುಡಿಯುವುದು ಹೆಚ್ಚಾಗಿ ಆ ತುದಿಯಿಂದಲೇ, ಬಡಗಿಗಳು ಬರಿದಾಗಿ ಬಿಡುವುದೂ ಅದನ್ನೇ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ತಂತಿಗೆ ಹಾಕಿ ಒಣಗಿಸಿ.

ಮುಂಬೈ, ಗೋವಾದ ಕಡೆ ಇರುವವರಿಗೆ ಒಂದು ಮಾತು. ಅಲ್ಲಿ ಕೋವಿಯನ್ನು ಫೋಮ್ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಫೋಮ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೀಗದ ಬೀರುವಿನಲ್ಲಿ ನೇರ ನಿಲ್ಲಿಸಿ, ಸಿಲಿಕಾ ಜೆಲ್ ಚೀಲ ಇಟ್ಟು, ಅದರ ಬಣ್ಣ ಬದಲಾದಾಗ ಬದಲಿಸಿ. ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದರೆ ಮುಂಚೆ ನಳಿಗೆಗೆ ಎಣ್ಣೆ ಸವರಿ ಕೊಡಿ. ವಾಪಸ್ ಬಂದ ಮೇಲೆ ಸ್ಕ್ರೂಗಳ ಬಿಗಿ ನೋಡಿ, ಆ ಎಣ್ಣೆ ಒರೆಸಿಯೇ ಹೊಡೆಯಿರಿ.

ಅಕ್ರೋಟು ಸ್ಟಾಕ್ ಈ ಮೇನಲ್ಲಿ 1,126 ಗ್ರಾಂ, ಆಗಸ್ಟ್‌ನಲ್ಲಿ 1,144. ನೋಟು ಎರಡು ಸಲವೂ ಸರಾಗ ಓಡಿತು. ಗ್ರೂಪ್ 17, ಆಮೇಲೆ 19. ಮಗಳಿಗೆ ಹೊಸ ತಕ್ಕಡಿ ಕೊಡಿಸಿದ್ದೇನೆ, ಹಳೆಯದು ನನ್ನ ಬೀರುವಿನಲ್ಲಿದೆ.