ವೀಸಾದ ಎಕ್ಸ್-ರೇ ಮುಗಿಯಿತು, ಟಿಬಿಯ ಕೆಲಸ ಬಾಕಿ ಇದೆ

ದೇಶ ಬಿಟ್ಟು ದೇಶಕ್ಕೆ ಹೋಗುವ ಹಲವರು ಎದೆಯ ಎಕ್ಸ್-ರೇ ತೆಗೆಸಿಕೊಂಡೇ ಹೊರಟಿರುತ್ತಾರೆ. ಏನೂ ದೋಷ ಕಾಣಲಿಲ್ಲ, ವೀಸಾ ಬಂತು, ಟಿಬಿಯ ಚಿಂತೆ ಅಲ್ಲಿಗೆ ಕಳೆಯಿತು ಅಂದುಕೊಳ್ಳುತ್ತಾರೆ. ಆದರೆ ಎಕ್ಸ್-ರೇ ತೋರಿಸುವುದು ಶ್ವಾಸಕೋಶದಲ್ಲಿ ಆಗಲೇ ಶುರುವಾದ ಕಾಯಿಲೆಯನ್ನು. ಮೈಯೊಳಗೆ ಸದ್ದಿಲ್ಲದೆ ಕೂತಿರುವ ಸುಪ್ತ ಸೋಂಕು ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಪ್ರಪಂಚದ ಸುಮಾರು ಕಾಲು ಭಾಗ ಜನರಲ್ಲಿ ಈ ಸೋಂಕಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಎಂದಾದರೊಂದು ದಿನ ಕಾಯಿಲೆ ಏಳುತ್ತದೆ. ಏಳುವ ಮೊದಲೇ ತಡೆಯಲು ಔಷಧಿ ಇದೆ.

ಮೊದಲು ಲಕ್ಷಣ ನೋಡಿಕೊಳ್ಳಿ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಕಫ ಪರೀಕ್ಷೆ ಮಾಡಿಸಿ. ಕಾಯಿಲೆ ಇಲ್ಲವೆಂದು ಖಚಿತವಾಗದೆ ತಡೆ ಔಷಧಿ ಶುರು ಮಾಡಬಾರದು. ಮಾಡಿದರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು.

ಖರ್ಚು, ಕಾಗದಪತ್ರ ಮುಂಚೆಯೇ ವಿಚಾರಿಸಿ. ಬಿಲ್ಲಿನ ಭಯ, ವೀಸಾ ಅವಧಿ ಮುಗಿದಿರುವ ಭಯ ಜನರನ್ನು ಕ್ಲಿನಿಕ್ಕಿನಿಂದ ದೂರ ಇಡುತ್ತವೆ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ವೀಸಾ ಸ್ಥಿತಿ ಏನೇ ಇರಲಿ, ಟಿಬಿ ಪರೀಕ್ಷೆಗೂ ಚಿಕಿತ್ಸೆಗೂ ಶುಲ್ಕವಿಲ್ಲ. ನೇರವಾಗಿ ಕೇಳಲು ಅಂಜಿಕೆಯಾದರೆ ವಲಸಿಗರಿಗೆ ನೆರವಾಗುವ ಸಂಘದವರಿಂದ, ನಿಮ್ಮ ಹೆಸರು ಹೇಳದೆ, ಫೋನ್ ಮಾಡಿಸಿ.

ದುಭಾಷಿ ಬೇಕೆಂದು ಹೇಳಿ. ಭೇಟಿಯ ಸಮಯ ಗೊತ್ತುಮಾಡುವಾಗಲೇ ಹೇಳಿಬಿಡಿ. ಶಾಲೆಗೆ ಹೋಗುವ ಮಗಳನ್ನೋ ಮೈದುನನನ್ನೋ ಈ ಕೆಲಸಕ್ಕೆ ಕೂರಿಸಬೇಡಿ. ವೈದ್ಯರು ಎಚ್‌ಐವಿ, ಗರ್ಭ, ಕುಡಿತ, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ ಎಂಬುದನ್ನೆಲ್ಲ ಕೇಳುತ್ತಾರೆ. ಮನೆಯವರ ಮುಂದೆ ಅರ್ಧ ಉತ್ತರ ಗಂಟಲಲ್ಲೇ ಉಳಿಯುತ್ತದೆ. ಗುರುತಿನವರೇ ದುಭಾಷಿಯಾಗಿ ಬಂದಾರೆಂಬ ಅಳುಕಿದ್ದರೆ ಫೋನಿನ ದುಭಾಷಿಯನ್ನು ಕೇಳಿ.

ಸುಪ್ತ ಸೋಂಕು ಪತ್ತೆಗೆ ಚರ್ಮದ ಪರೀಕ್ಷೆಯೂ ಇದೆ, ರಕ್ತಪರೀಕ್ಷೆಯೂ ಇದೆ. ಸಾಧ್ಯವಿದ್ದರೆ ರಕ್ತಪರೀಕ್ಷೆಯನ್ನೇ ಕೇಳಿ. ಚರ್ಮದ ಪರೀಕ್ಷೆಗೆ 48ರಿಂದ 72 ಗಂಟೆಯೊಳಗೆ ಮತ್ತೆ ಹೋಗಬೇಕು. ದಿನಗೂಲಿಯವರಿಗೆ ಅದು ಇನ್ನೊಂದು ದಿನದ ಸಂಬಳ. ಬಾಲ್ಯದಲ್ಲಿ ಹಾಕಿಸಿದ ಬಿಸಿಜಿ, ಅಂದರೆ ಟಿಬಿ ತಡೆಯ ಲಸಿಕೆಯೂ ಅದರ ಫಲಿತಾಂಶವನ್ನು ಕೆಡಿಸಬಹುದು. ರಕ್ತಪರೀಕ್ಷೆಗೆ ಈ ಎರಡೂ ತೊಡಕಿಲ್ಲ.

ಸುಪ್ತ ಸೋಂಕು ಇದೆ ಎಂದು ಬಂದರೆ ಹೆದರಬೇಡಿ, ನಾಚಲಂತೂ ಬೇಡಿ. ಅದು ಯಾರಿಗೂ ಹರಡುವುದಿಲ್ಲ. ತಟ್ಟೆ-ಲೋಟ ಬೇರೆ ಇಡಬೇಕಾಗಿಲ್ಲ.

ಔಷಧಿ ಮುಗಿಸಿ. ರಿಫಾಂಪಿಸಿನ್ ದಿನವೂ ನಾಲ್ಕು ತಿಂಗಳು, ಇಲ್ಲವೇ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್ ವಾರಕ್ಕೊಮ್ಮೆ 12 ವಾರ: ಹೀಗೆ ಹಲವು ಕ್ರಮಗಳಿವೆ. ಕೆಲಸದ ಪಾಳಿಗೆ ಯಾವುದು ಹೊಂದುತ್ತದೆಂದು ವೈದ್ಯರೊಂದಿಗೆ ಮಾತಾಡಿ. ಈ ಎರಡು ಕ್ರಮಗಳಲ್ಲೂ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಔಷಧಿಯ ಬಣ್ಣ, ಗಾಬರಿ ಬೇಡ. ಆದರೆ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ, ಬೇರೆ ಉಪಾಯ ಕೇಳಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಟಿಬಿಯ ಮಾತ್ರೆ ನಿಲ್ಲಿಸಿ ಅಂದೇ ಕ್ಲಿನಿಕ್ಕಿಗೆ ತಿಳಿಸಿ.

ನಡುವೆ ಊರು ಬದಲಾದರೆ ಎಷ್ಟು ಮಾತ್ರೆ ಮುಗಿದಿದೆ ಎಂದು ಬರೆಸಿಕೊಂಡು ಹೊರಡಿ. ಪೂರ್ತಿ ಮುಗಿದ ಮೇಲಿನ ಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ಚಿಕಿತ್ಸೆಯ ನಂತರವೂ ಚರ್ಮದ, ರಕ್ತದ ಪರೀಕ್ಷೆಗಳು ಪಾಸಿಟಿವ್ ಆಗಿಯೇ ಉಳಿಯಬಹುದು. ಮುಂದೆ ಹೊಸ ವೈದ್ಯರು ಪ್ರಶ್ನಿಸಿದಾಗ ತೋರಿಸಲು ನಿಮ್ಮ ಕೈಯಲ್ಲಿರುವುದು ಆ ಒಂದು ಹಾಳೆ.