ಹೆಬ್ಬೆರಳಿಗೂ ಬೀಗ ಹಾಕಿ: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದು ಹೇಗೆ?

ಎಟಿಎಂ ಪಿನ್ ಬೇರೆಯವರಿಗೆ ಗೊತ್ತಾದರೆ ಬದಲಾಯಿಸಿಕೊಳ್ಳಬಹುದು. ಹೆಬ್ಬೆರಳು ಹುಟ್ಟಿದಾಗ ಬಂದದ್ದೇ ಕೊನೆಯವರೆಗೂ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಒಂದೇ ಒಂದು ಒಟಿಪಿ ಬಾರದೆ ಹಣ ಖಾಲಿಯಾದಾಗ ಸಂಶಯ ಹೋದದ್ದು ಕ್ರಯಪತ್ರದ ಮೇಲಿದ್ದ ಬೆರಳಚ್ಚಿನ ಕಡೆಗೆ. ಆನ್‌ಲೈನ್‌ನಲ್ಲಿ ಸಿಗುವ ಪತ್ರಗಳ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಯೋಚನೆ ನೋಂದಣಿ ಇಲಾಖೆಗೆ ಬಂದದ್ದು ಅದಾದ ಮೇಲೆ.

ಒಟಿಪಿ ಇಲ್ಲದೆ ಹಣ ಹೋಗುವ ದಾರಿಯ ಹೆಸರು ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಪುಟ್ಟ ಯಂತ್ರ ಕೇಳುವುದು ಮೂರೇ ಸಂಗತಿ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಪಿನ್ ಬೇಡ, ಕಾರ್ಡ್ ಬೇಡ. ಒಂದು ಸಲಕ್ಕೆ ₹10,000 ಮಿತಿ. ಪಿಂಚಣಿ ತೆಗೆಯಲು ಪೇಟೆಗೆ ಹೋಗಲಾಗದ ಅಜ್ಜಿಗೆ ಇದು ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸೌಲಭ್ಯವನ್ನು ಒಮ್ಮೆಯೂ ಬಳಸದವರ ಖಾತೆಗೂ ಇದೇ ಬಾಗಿಲು ತೆರೆದಿರುತ್ತದೆ. ಕೇಳಿದವರಿಗೆ ಮಾತ್ರ ಕೊಡಬೇಕಿದ್ದ ಸೌಲಭ್ಯವಿದು. ನೀತಿ ರೂಪಿಸಿದವರು ಎಲ್ಲರ ಮನೆಯ ಹಿತ್ತಿಲ ಬಾಗಿಲನ್ನೂ ತೆರೆದಿಟ್ಟು, ಅಗಳಿ ಹಾಕಿಕೊಳ್ಳುವ ಕೆಲಸವನ್ನು ನಮಗೆ ಬಿಟ್ಟಿದ್ದಾರೆ.

ಕಾಗದದ ಮೇಲಿನ ಅಚ್ಚಿನಿಂದ ಸಿಲಿಕೋನ್ ಬೆರಳು ಮಾಡಿ ಸ್ಕ್ಯಾನರ್ ಮೇಲಿಡುವುದು ವಂಚಕರ ತಂತ್ರ. ಜೀವಂತ ಬೆರಳು ಹೌದೇ ಎಂದು ಪತ್ತೆ ಹಚ್ಚುವ ಹೊಸ ತಪಾಸಣೆಯನ್ನು ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ 2023ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅದೇ ಸಾಕು ಎಂದು ಕೂರುವ ಬದಲು ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ.

ಮೊದಲು ಮೊಬೈಲ್ ಸಂಖ್ಯೆ ನೋಡಿಕೊಳ್ಳಿ

ಮುಂದಿನ ಪ್ರತಿ ಹೆಜ್ಜೆಗೂ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಹತ್ತು ವರ್ಷದ ಹಿಂದೆ ಕೊಟ್ಟ ಸಂಖ್ಯೆ ಈಗ ಚಾಲ್ತಿಯಲ್ಲಿ ಇಲ್ಲವೆಂದರೆ ಅಲ್ಲೇ ನಿಲ್ಲುತ್ತೀರಿ. ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ಸಂಖ್ಯೆ ಬದಲಾಗುತ್ತದೆ, ಅದಕ್ಕೆ ಬೇರೆ ದಾಖಲೆ ಬೇಕಿಲ್ಲ. 2025ರ ಅಕ್ಟೋಬರ್‌ನಿಂದ ಶುಲ್ಕ ₹75. ಹೆಚ್ಚು ಕೇಳಿದರೆ ರಸೀದಿ ಕೇಳಿ.

ಬೀಗ ಹಾಕುವ ಕ್ರಮ

ಯುಐಡಿಎಐನ ಮೈಆಧಾರ್ ಪೋರ್ಟಲ್ ತೆರೆಯಿರಿ. ವಿಳಾಸವನ್ನು ನೀವೇ ಟೈಪ್ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಆಧಾರ್ ಸಂಖ್ಯೆ, ಕ್ಯಾಪ್ಚಾ, ಒಟಿಪಿ ಕೊಟ್ಟು ಒಳಗೆ ಹೋದರೆ ‘ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್’ ಎಂಬ ಚೌಕ ಕಾಣುತ್ತದೆ. ಅದನ್ನು ಒತ್ತಿ, ಒಪ್ಪಿಗೆಯ ಗುರುತು ಹಾಕಿ ಮುಂದುವರಿಯಿರಿ. ಬೆರಳು, ಕಣ್ಣಿನ ಪಾಪೆ, ಮುಖ ಮೂರಕ್ಕೂ ಒಟ್ಟಿಗೆ ಬೀಗ ಬೀಳುತ್ತದೆ. ಆಮೇಲೆ ಯಾರು ಬೆರಳಿಟ್ಟರೂ, ಸ್ವತಃ ನೀವೇ ಇಟ್ಟರೂ, ಯಂತ್ರ 330 ಎಂಬ ದೋಷ ಸಂಕೇತ ತೋರಿಸಿ ನಿರಾಕರಿಸುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒಪ್ಪದಿದ್ದಾಗ ‘ಸರ್ವರ್ ಡೌನ್’ ಎಂದುಕೊಂಡು ಅಕ್ಕಿ ಇಲ್ಲದೆ ವಾಪಸ್ ಬರುತ್ತಾರೆ. ಪಡಿತರ, ಉಪನೋಂದಣಿ ಕಚೇರಿ, ಹೊಸ ಸಿಮ್, ಪಿಂಚಣಿದಾರರ ಡಿಜಿಟಲ್ ಜೀವನ ಪ್ರಮಾಣಪತ್ರ: ಬೆರಳು ಅಥವಾ ಮುಖ ತೋರಿಸುವ ಕೆಲಸವಿದ್ದಾಗ ಮೊದಲು ಅದೇ ಪುಟಕ್ಕೆ ಹೋಗಿ ತಾತ್ಕಾಲಿಕವಾಗಿ ತೆರೆಯಬೇಕು. ಹತ್ತು ನಿಮಿಷದ ಬಳಿಕ ಬೀಗ ತಾನಾಗಿಯೇ ಬೀಳುತ್ತದೆ. ಹಾಗಾಗಿ ಮನೆಯಲ್ಲೇ ತೆರೆದು ಹೊರಟರೆ ಪ್ರಯೋಜನವಿಲ್ಲ. ಸರದಿಯಲ್ಲಿ ಮುಂದೆ ಇಬ್ಬರು ಉಳಿದಾಗ ತೆರೆಯಿರಿ. ಸ್ಮಾರ್ಟ್‌ಫೋನ್ ಇಲ್ಲದೆ ಪ್ರತಿ ತಿಂಗಳು ಬೆರಳಿಟ್ಟೇ ರೇಷನ್ ತರುವ ಹಿರಿಯರಿಗೆ ಈ ಬೀಗ ಹಾಕಿಸುವ ಮುನ್ನ ಎರಡು ಸಲ ಯೋಚಿಸಿ. ಅವರ ಬೀಗ ತೆಗೆಯಲು ಮಗ ಬೆಂಗಳೂರಿನಿಂದ ಒಟಿಪಿ ಹೇಳುತ್ತಾ ಕೂರಬೇಕಾಗುತ್ತದೆ.

ಬೀಗ ಹಾಕಿದರೆ ಗೃಹಲಕ್ಷ್ಮಿಯ ₹2,000 ನಿಲ್ಲುತ್ತದೆಯೇ? ಇಲ್ಲ. ಖಾತೆಗೆ ಬರುವ ಹಣ ರಾಷ್ಟ್ರೀಯ ಪಾವತಿ ನಿಗಮವಾದ ಎನ್‌ಪಿಸಿಐನಲ್ಲಿರುವ ಆಧಾರ್–ಬ್ಯಾಂಕ್ ಜೋಡಣೆ ನೋಡಿ ಜಮೆಯಾಗುತ್ತದೆ, ಅದಕ್ಕೆ ಬೆರಳಿನ ಹಂಗಿಲ್ಲ. ಒಟಿಪಿ ಮೂಲಕ ಮಾಡುವ ಇ-ಕೆವೈಸಿಯೂ ಎಂದಿನಂತೆ ನಡೆಯುತ್ತದೆ.

ಎರಡನೇ ಬೀಗ ಬೇಕೇ?

‘ಲಾಕ್/ಅನ್‌ಲಾಕ್ ಆಧಾರ್’ ಎಂಬ ಇನ್ನೊಂದು ಚೌಕವಿದೆ. ಹೆಸರು ಒಂದೇ ಥರ ಕೇಳಿಸಿದರೂ ಇದು ಬೇರೆ: 12 ಅಂಕಿಯ ಸಂಖ್ಯೆಯಿಂದ ನಡೆಯುವ ಯಾವ ದೃಢೀಕರಣವೂ, ಒಟಿಪಿ ಸಹ, ನಡೆಯುವುದಿಲ್ಲ. ಅದರ ಬದಲಿಗೆ 16 ಅಂಕಿಯ ವರ್ಚುವಲ್ ಐಡಿ ಕೊಡಬೇಕು. ವರ್ಚುವಲ್ ಐಡಿಯಿಂದ ಮೂಲ ಸಂಖ್ಯೆಯನ್ನು ಲೆಕ್ಕ ಹಾಕಿ ಕಂಡುಹಿಡಿಯಲಾಗದು, ಬೇಕೆಂದಾಗ ಹೊಸದು ಪಡೆಯಬಹುದು. ಕ್ರಮ ತಪ್ಪಬೇಡಿ: ಮೊದಲು ವರ್ಚುವಲ್ ಐಡಿ ಸೃಷ್ಟಿಸಿ ಬರೆದಿಟ್ಟುಕೊಳ್ಳಿ, ಬೀಗ ಆಮೇಲೆ. ಬೀಗ ತೆಗೆಯಲು ಅದೇ ಬೇಕು. ಮರೆತರೆ ನೋಂದಾಯಿತ ಮೊಬೈಲ್‌ನಿಂದ 1947ಕ್ಕೆ ಎಸ್‌ಎಂಎಸ್ ಕಳಿಸಿ: ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಆರ್‌ವಿಐಡಿ, ಒಂದು ಖಾಲಿ ಜಾಗ, ಆಧಾರ್‌ನ ಕೊನೆಯ ನಾಲ್ಕು ಅಂಕಿ. ಸಾಮಾನ್ಯ ಬಳಕೆಗೆ ಮೊದಲ ಬೀಗವೇ ಸಾಕು. ನಿಮ್ಮ ಆಧಾರ್ ಸಂಖ್ಯೆ ಎಲ್ಲೋ ಸೋರಿದ್ದು ಖಚಿತವಾಗಿದ್ದರೆ ಎರಡನೆಯದನ್ನೂ ಹಾಕಿ.

ಜೆರಾಕ್ಸ್ ಕೇಳಿದಾಗ

ಪೋರ್ಟಲ್‌ನ ಡೌನ್‌ಲೋಡ್ ಪುಟದಲ್ಲಿ ‘ಮಾಸ್ಕ್ಡ್ ಆಧಾರ್’ ಆಯ್ಕೆಗೆ ಗುರುತು ಹಾಕಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪಿಡಿಎಫ್ ಸಿಗುತ್ತದೆ. ಪಾಸ್‌ವರ್ಡ್: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದಕ್ಕೆ ಅಂಟಿಕೊಂಡಂತೆ ಹುಟ್ಟಿದ ವರ್ಷ. ಲಾಡ್ಜ್‌ಗೆ, ಬಾಡಿಗೆ ಮನೆಗೆ ಇದನ್ನೇ ಕೊಡಿ. ಸರ್ಕಾರದ ಮಾತು ಇಲ್ಲಿ ಎರಡು ದೋಣಿಯ ಮೇಲೆ ಕಾಲಿಟ್ಟಿದೆ. 2022ರ ಮೇ 27ರಂದು ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ನಕಲು ಕಂಡಕಂಡಲ್ಲಿ ಕೊಡಬೇಡಿ, ಮಾಸ್ಕ್ಡ್ ಪ್ರತಿ ಕೊಡಿ ಎಂದು ಸರಿಯಾಗಿಯೇ ಹೇಳಿತ್ತು. ‘ತಪ್ಪು ಅರ್ಥ ಬರಬಹುದು’ ಎಂದು ಎರಡೇ ದಿನಕ್ಕೆ ಅದು ವಾಪಸ್ಸಾಯಿತು.

ಆಧಾರ್ ಇಲ್ಲದೆ ಆಗುವುದೇ ಇಲ್ಲ ಎಂದು ಹೇಳುವವರಿಗೂ ಉತ್ತರವಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಬ್ಯಾಂಕ್ ಖಾತೆಗೂ ಸಿಮ್‌ಗೂ ಆಧಾರ್ ಕಡ್ಡಾಯ ಮಾಡಿದ್ದನ್ನು ರದ್ದುಮಾಡಿತು. ಗುರುತಿಗೆ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಚೀಟಿ ಇಂದಿಗೂ ಸಲ್ಲುತ್ತವೆ. ಆದರೆ ಪಾನ್ ಜೋಡಣೆಯನ್ನು ಅದೇ ತೀರ್ಪು ಎತ್ತಿಹಿಡಿದಿದೆ.

ಹಣ ಹೋಗಿದ್ದರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದಾಗಲೀ ಬ್ಯಾಂಕಿನದಾಗಲೀ ಅಲ್ಲದಿದ್ದಾಗ, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವಂತಿಲ್ಲ. ತಡಮಾಡಿದಂತೆ ನಿಮ್ಮ ಪಾಲು ಬೆಳೆಯುತ್ತದೆ. ದೂರಿನ ಜೊತೆ ಲಗತ್ತಿಸಬೇಕಾದ ಸಾಕ್ಷಿ ಮೈಆಧಾರ್‌ನಲ್ಲೇ ಇದೆ: ‘ಅಥೆಂಟಿಕೇಶನ್ ಹಿಸ್ಟರಿ’ಯಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಬಳಸಿದ ದಿನ, ಸಮಯ, ಸಂಸ್ಥೆ, ಬೆರಳೋ ಒಟಿಪಿಯೋ ಎಂಬುದೆಲ್ಲ ಸಾಲಾಗಿ ಬರುತ್ತದೆ, ಒಂದು ಸಲಕ್ಕೆ ಗರಿಷ್ಠ 50. ಹಣ ಹೋದ ಹೊತ್ತಿಗೆ ಹೊಂದುವ ‘ಬಯೋಮೆಟ್ರಿಕ್’ ಸಾಲನ್ನು ಹುಡುಕಿ, ಅದರ ಸಂಕೇತ ಸಂಖ್ಯೆಯೂ ಕಾಣುವಂತೆ ಮುದ್ರಿಸಿ, ಪಾಸ್‌ಬುಕ್ ಪುಟದ ಜೊತೆ ಪಿನ್ ಮಾಡಿ ಕೊಡಿ.